ಕೈ ನೋಡಿ ಸಹಿ ಹಾಕುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಹಿಂಬದಿಯ ಕಾರ್ಯಾಗಾರದಲ್ಲಿ ಒಂದು ದೀಪ ಉರಿಯುತ್ತಿದೆ. ಅದರಡಿ ಐವತ್ತಮೂರರ ಹೆಂಗಸೊಬ್ಬರು ಚೆನ್ನಾಗಿ ಓಡುವ ಪಂಪನ್ನು ಕೆಡಿಸುತ್ತ ಕುಳಿತಿದ್ದಾರೆ. ನೀರೆಳೆಯುವ ಪೈಪಿನ ಜೋಡಣೆಯಿಂದ ವಾಶರ್ ತೆಗೆದು ಮತ್ತೆ ಬಿಗಿದದ್ದಾಯಿತು. ಇನ್ನು ಅದು ಎಳೆಯುವುದು ಬರೀ ಗಾಳಿ. ಪಕ್ಕದ ಪಂಪಿನ ಸ್ಟಾರ್ಟರ್ ಬಿಚ್ಚಿ ಒಂದು ತಂತಿಯನ್ನು ಕೂದಲೆಳೆಯಷ್ಟು ಸಡಿಲಿಸುತ್ತಾರೆ. ಆರು ಪಂಪಿಗೆ ಆರು ಬಗೆಯ ಕೇಡು.

"ರಿಪೇರಿ ಯಾರು ಬೇಕಾದ್ರೂ ಮಾಡ್ತಾರೆ. ಗೊತ್ತಾಗದ ಹಾಗೆ ಕೆಡಿಸೋಕೆ ವಿದ್ಯೆ ಬೇಕು" ಎಂದು ಕೈ ಒರೆಸಿಕೊಳ್ಳುತ್ತಾರೆ.

ವಿದ್ಯಾರ್ಥಿಗಳು ಇವರಿಗಿಟ್ಟ ಹೆಸರು ಅನುಮಾನದಕ್ಕ. ಹೆಸರು ಕಿವಿಗೆ ಬಿದ್ದರೂ ಅಕ್ಕನಿಗೆ ಬೇಸರವಿಲ್ಲ. ಮನೆಯಲ್ಲಿ ಅತ್ತೆಯದೂ ಇದೇ ದೂರು: "ನಮ್ಮ ಸೊಸೆ ಹಾಲಿನವನು ಅಳತೆ ಪಾತ್ರೆ ಎತ್ತಿದ್ರೆ ಮೊದಲು ಅದರ ತಳ ನೋಡ್ತಾಳೆ." ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರು ಸಿಗುವುದು ಅಪರೂಪ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಾರ್ಯಾಗಾರದ ಕಸ ಗುಡಿಸಲು ಬಂದವರು. ಪೊರಕೆ ಹಿಡಿದೇ ಹಳೆಯ ಮೇಷ್ಟ್ರ ಪಾಠ ಕೇಳಿದರು. ಮೇಷ್ಟ್ರು ನಿವೃತ್ತರಾದಾಗ ಬೀಗದ ಕೈ ಇವರ ಪಾಲಾಯಿತು. ಈಗ ಹುದ್ದೆ ಕಾರ್ಯಾಗಾರ ಸಹಾಯಕಿ. ಆದರೆ ವರ್ಷ ವರ್ಷವೂ ಗುತ್ತಿಗೆ ನವೀಕರಣವಾಗಬೇಕು, ಅದಕ್ಕೆ ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಬೇಕು.

ನಾಲ್ಕು ವರ್ಷದ ಕೆಳಗೆ ವಿಶ್ವವಿದ್ಯಾಲಯ ಊರಾಚೆಯ ಪಂಪು ಕಾರ್ಖಾನೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕೊನೆಯ ವರ್ಷದವರಿಗೆ ಅಲ್ಲಿ ಮೂರು ತಿಂಗಳ ತರಬೇತಿ. ವಾರಕ್ಕೆ ಐದು ದಿನ ಕಾರ್ಖಾನೆ, ಶನಿವಾರ ಇಲ್ಲಿ. ಕಲಿಸಿದ್ದನ್ನು ಕಾರ್ಖಾನೆಯವರು ದಿನಚರಿ ಪುಸ್ತಕದಲ್ಲಿ ಬರೆಯಬೇಕು, ಅದನ್ನು ನೋಡಿ ಕಾರ್ಯಾಗಾರ ಸಹಾಯಕಿ ಸಹಿ ಹಾಕಬೇಕು. ಸಹಿ ಇದ್ದರೆ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದರೆ ಕೆಲಸ. ನಿಯಮ ಬರೆದವರು ಈ ಸಹಿಯನ್ನು ಊಟಕ್ಕಿಲ್ಲದ ಉಪ್ಪಿನಕಾಯಿ ಎಂದೇ ತಿಳಿದಿದ್ದರು.

ಮೊದಲ ವರ್ಷ ಅಕ್ಕನೂ ಹಾಗೇ ತಿಳಿದರು. ಕಂಪನಿಯ ಮೊಹರು ಕಂಡದ್ದೇ ಕಣ್ಣು ಮುಚ್ಚಿ ಸಹಿ ಹಾಕಿದರು. ಆ ಪ್ರಮಾಣಪತ್ರ ಹಿಡಿದು ಒಬ್ಬ ಹುಡುಗ ವಸತಿ ಸಮುಚ್ಚಯವೊಂದರ ಪಂಪು ಮನೆಗೆ ಕೆಲಸಕ್ಕೆ ಸೇರಿದ. ಪಂಪು ಕೆಟ್ಟಿತು, ಇವನಿಗೆ ಎಲ್ಲಿ ಕೈ ಹಾಕಬೇಕೆಂದೇ ತಿಳಿಯಲಿಲ್ಲ. ಹನ್ನೊಂದನೇ ದಿನ ಕೆಲಸ ಬಿಡಿಸಿದರು. ಅವನು ನೇರ ಇಲ್ಲಿಗೇ ಬಂದ.

"ಬೈದಿದ್ರೆ ತಡ್ಕೊಳ್ತಿದ್ದೆ. 'ಅಕ್ಕಾ, ನನಗೇನೂ ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ಲ, ಸಹಿ ಯಾಕೆ ಹಾಕಿದ್ರಿ?' ಅಂದ" ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. ನಾಚಿಕೆ ಇನ್ನೂ ಮಾಸಿಲ್ಲ.

ಅಂದಿನಿಂದ ಶನಿವಾರ ಪುಸ್ತಕ ತೆರೆಯುವ ಮುಂಚೆ ಅಕ್ಕ ಮಕ್ಕಳ ಅಂಗೈ ನೋಡುತ್ತಾರೆ. ಈ ವರ್ಷ ಮೂವತ್ತೆಂಟು ಜೊತೆ ಕೈ. ಪುಸ್ತಕದಲ್ಲಿ 'ಪಂಪು ಜೋಡಣೆ, ದೋಷ ಪತ್ತೆ' ಎಂದಿದೆ. ಕೈಯಲ್ಲಿ ನೋಡಿದರೆ ಎಣ್ಣೆಯ ಕಲೆಯಿಲ್ಲ, ಉಗುರಿನ ಸಂದಿಯಲ್ಲಿ ಟೇಪಿನ ಗೋಂದು, ಬೆರಳ ಮೇಲೆ ರಟ್ಟು ಕೊಯ್ದ ಗೀರು. ಮಕ್ಕಳು ಐದು ವಾರದಿಂದ ಪಂಪು ಜೋಡಿಸಿಲ್ಲ, ಪೆಟ್ಟಿಗೆ ಕಟ್ಟಿದ್ದಾರೆ.

ಅಕ್ಕ ಒಂದು ಪುಸ್ತಕಕ್ಕೂ ಸಹಿ ಹಾಕಲಿಲ್ಲ. ಮಕ್ಕಳೇ ಮೊದಲು ಸಿಟ್ಟಾದರು. ಮುಖ್ಯಸ್ಥರು ಕರೆಸಿ, "ನಿಮ್ಮ ಗುತ್ತಿಗೆ ಇನ್ನು ಮೂರೇ ತಿಂಗಳು, ನೆನಪಿದೆ ತಾನೆ?" ಎಂದರು. ಬಸ್ ಓಡಿಸುವ ಗಂಡ, "ಊರ ಉಸಾಬರಿ ನಮಗ್ಯಾಕೆ?" ಎಂದರು. ಕಂಪನಿಯ ಅಧಿಕಾರಿ ಉಡುಗೊರೆಯೆಂದು ಗೋಡೆ ಗಡಿಯಾರ ಹಿಡಿದು ಬಂದರು. "ನಾವೇನೂ ಮುಚ್ಚಿಟ್ಟಿಲ್ಲಮ್ಮ" ಎಂದು ಕೇಳುವ ಮೊದಲೇ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಗಡಿಯಾರವನ್ನು ಅಕ್ಕ ಮುಟ್ಟಲಿಲ್ಲ. "ಮುಂದಿನ ಶನಿವಾರ ನೀವೂ ಬನ್ನಿ ಸಾರ್. ಪಂಪು ಕೆಡಿಸಿಟ್ಟಿರ್ತೀನಿ. ಮಕ್ಕಳು ಕಂಡುಹಿಡಿದ್ರೆ ಅಲ್ಲೇ ಸಹಿ ಹಾಕ್ತೀನಿ" ಎಂದರು.

ಆ ಶನಿವಾರ ಅಧಿಕಾರಿ, ಮುಖ್ಯಸ್ಥರು ಇಬ್ಬರೂ ಕುರ್ಚಿ ಹಾಕಿಕೊಂಡು ಕುಳಿತರು. ಮೂವತ್ತೇಳು ಜನ ಪಂಪನ್ನು ಸುತ್ತು ಹಾಕಿದರು, ತಟ್ಟಿದರು, ತಲೆ ಕೆರೆದುಕೊಂಡರು. ಕೊನೆಗೆ ಬಂದವಳು ಎಲ್ಲರಿಗಿಂತ ಚೊಕ್ಕ ಕೈಯ ಹುಡುಗಿ. 'ಇವಳು ಪೆಟ್ಟಿಗೆಯನ್ನೂ ಕಟ್ಟಿಲ್ಲ' ಎಂದು ಅಕ್ಕ ವಾರಗಟ್ಟಲೆ ಗೊಣಗಿದ್ದು ಇವಳ ಮೇಲೆಯೇ. ಹುಡುಗಿ ಪೈಪಿಗೆ ಕಿವಿಯಿಟ್ಟಳು, "ಗಾಳಿ ಎಳೀತಿದೆ, ವಾಶರ್ ಇಲ್ಲ" ಎಂದಳು. ನಾಲ್ಕೇ ನಿಮಿಷ. ಕಾರ್ಖಾನೆಯಲ್ಲಿ ಹಟ ಹಿಡಿದು ಯಂತ್ರದ ವಿಭಾಗ ಸೇರಿದವಳು ಅವಳೊಬ್ಬಳೇ. ಅಲ್ಲಿ ಎಲ್ಲರೂ ಕೈಗವಸು ಹಾಕುತ್ತಾರೆ.

"ನನ್ನ ಅನುಮಾನಕ್ಕೂ ಒಂದು ಪಾಠ ಆಯ್ತು. ಎಲ್ಲರ ಎದುರೇ ಅವಳ ಹತ್ರ ತಪ್ಪಾಯ್ತು ಕಣೇ ಅಂದೆ. ಈಗ ಕೈ ನೋಡಿದ್ರೂ ಪಂಪಿನ ಮುಂದೆ ನಿಲ್ಲಿಸದೆ ತೀರ್ಮಾನ ಮಾಡಲ್ಲ" ಎನ್ನುತ್ತಾರೆ ಅಕ್ಕ.

ಮುಂದಿನ ಸೋಮವಾರ ಮಕ್ಕಳೆಲ್ಲ ಯಂತ್ರದ ವಿಭಾಗಕ್ಕೆ ಹೋದರು. ತರಬೇತಿ ಮುಗಿಯುವ ಹೊತ್ತಿಗೆ ಮೂವತ್ತೊಂದು ಪುಸ್ತಕಕ್ಕೆ ಸಹಿ ಬಿದ್ದಿದೆ. ಉಳಿದ ಏಳು ಜನ ದಿನಾ ಬೆಳಗ್ಗೆ ಆರಕ್ಕೆ ಬಂದು ಇಲ್ಲಿ ಕಲಿಯುತ್ತಿದ್ದಾರೆ. ಒಪ್ಪಂದ ಮುಂದುವರಿದ ಸಮಾರಂಭದ ಫೋಟೋದಲ್ಲಿ ಹನ್ನೆರಡು ಮಂದಿ ನಗುತ್ತಿದ್ದಾರೆ, ಅಕ್ಕ ಇಲ್ಲ. ಗುತ್ತಿಗೆಯ ಕಡತ ಇನ್ನೂ ಮುಖ್ಯಸ್ಥರ ಮೇಜಿನ ಮೇಲಿದೆ.

ಈ ನಡುವೆ ಕಂಪನಿಯಿಂದ ಕರೆ ಬಂದಿದೆ: ಕಾರ್ಖಾನೆಯಲ್ಲೇ ತರಬೇತುದಾರರಾಗಿ ಬನ್ನಿ, ಸಂಬಳ ಇಮ್ಮಡಿ. ಗಂಡನಿಗೂ ಅತ್ತೆಗೂ ಹಿಗ್ಗೋ ಹಿಗ್ಗು. ಅಕ್ಕನಿಗೆ ಮಾತ್ರ ಮತ್ತೆ ಅನುಮಾನ.

"ಅಲ್ಲಿ ಹೋದ್ರೆ ಪುಸ್ತಕ ಬರೆಯೋಳು ನಾನೇ ಆಗ್ತೀನಿ. ಆಮೇಲೆ ಇಲ್ಲಿ ಅದನ್ನ ಓದೋರು ಯಾರು? ಬರಲ್ಲ ಅಂದುಬಿಟ್ಟೆ" ಎಂದು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. "ಈ ಏಳು ಜನಕ್ಕೆ ಸಹಿ ಹಾಕೋವರೆಗಾದ್ರೂ ನನ್ನನ್ನ ಇಲ್ಲಿ ಇಟ್ಕೊಳ್ಳಲಿ, ಅಷ್ಟು ಸಾಕು."