ರಕ್ಸೌಲ್ ಗಡಿಯಲ್ಲಿ ಕೊಟ್ಟೂರಿನ ಕರಡಿಗೆ

ಕೊಟ್ಟೂರಿನಿಂದ ಹೊಸಪೇಟೆಗೆ ಹೋಗುವ ಸಣ್ಣ ರೈಲಿಗೆ ಅವಸರವೆಂಬುದೇ ಗೊತ್ತಿಲ್ಲ. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನಾವು ಮೂವರು ನೇಪಾಳಕ್ಕೆಂದು ಅದನ್ನು ಹತ್ತಿದೆವು. ಹಗರಿಬೊಮ್ಮನಹಳ್ಳಿ ಬರುವಷ್ಟರಲ್ಲಿ ಬೋಗಿಯ ಅರ್ಧ ಜನ ನಮಗೆ ಬುದ್ಧಿ ಹೇಳಿ ಮುಗಿಸಿದ್ದರು. "ಈಗ್ಯಾಕ ಹೊಂಟೀರಿ? ನಮ್ಗೂ ಅವ್ರಿಗೂ ಜಗಳ ಹತ್ತೈತಿ. ಗಡಿಯಾಗ ಬಿಡಂಗಿಲ್ಲ" ಎಂದು ಶೇಂಗಾ ವ್ಯಾಪಾರಿಯೊಬ್ಬ ಹೆದರಿಸಿದ. ನನ್ನ ಸೋದರತ್ತೆ ಗೌರಮ್ಮ ಕಿಟಕಿಯಿಂದ ಮುಖ ತಿರುಗಿಸದೆ, "ನಾನೇನು ಅವ್ರ ಹೊಲ ಕೇಳಾಕ ಹೊಂಟಿಲ್ಲ, ಪಶುಪತೀನ ನೋಡಾಕ ಹೊಂಟೀನಿ" ಎಂದಳು. ವ್ಯಾಪಾರಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಕೊಂಡ.

ಅತ್ತೆಗೆ ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇದೆ. ಮಾವ ಇದ್ದಾಗ ಇಬ್ಬರೂ ಪಶುಪತಿನಾಥಕ್ಕೆ ಹೋಗಿ, ಅಲ್ಲಿ ಎದುರೆದುರು ಕುಳಿತು ಲಿಂಗಪೂಜೆ ಮಾಡಬೇಕೆಂದು ಮಾತಾಡಿಕೊಂಡಿದ್ದರು. ಭಟ್ಟಿಯ ಕೆಲಸ ಬಿಡಲಿಲ್ಲ, ಆಮೇಲೆ ಮಾವ ತೀರಿಕೊಂಡರು. ಹಾಗಾಗಿ ಅತ್ತೆಗೆ ಇದು ಪ್ರವಾಸವಲ್ಲ, ಕೊಟ್ಟ ಮಾತು. ನನಗೆ ಮಾತ್ರ ಅದು ಅಪ್ಪಟ ಪ್ರವಾಸ. ಕೂಡ್ಲಿಗಿಯಲ್ಲಿ ನನ್ನದೊಂದು ಸೀಮೆಎಣ್ಣೆ ಡಿಪೋ. ಡಬ್ಬಿ ಹಿಡಿದ ಜನರ ಮುಖ ನೋಡಿ ನೋಡಿ ಬೇಸತ್ತು, ಸ್ವಲ್ಪ ಹಿಮಾಲಯ ನೋಡೋಣವೆಂದು ಹೊರಟವನು. ಮೂರನೆಯವನು ನನ್ನ ಸ್ನೇಹಿತ ಪರಸಪ್ಪ, ಹರಪನಹಳ್ಳಿಯ ಬ್ಯಾಂಕಿನಲ್ಲಿ ಕೆಲಸ. ಅವನ ಮನೆಯವರು ಬೌದ್ಧರು. ಬುದ್ಧ ಹುಟ್ಟಿದ ಲುಂಬಿನಿಯೂ ನೇಪಾಳದಲ್ಲೇ ಇರುವುದರಿಂದ ಅವನೂ ಗಂಟು ಕಟ್ಟಿದ. ಹಿಂದಿ ಬಲ್ಲವನು ಅವನೊಬ್ಬನೇ. ನನ್ನ ಹಿಂದಿ ಹೊಸಪೇಟೆ ದಾಟಿದರೆ ನಡೆಯುವುದಿಲ್ಲ.

ಹಡಗಲಿಯ ಬೀಗರು ಪಶುಪತಿಗೆಂದು ಕಳಿಸಿದ್ದ ಮಲ್ಲಿಗೆ ಗುಂತಕಲ್ಲಿಗೇ ಬಾಡಿತು. ಅಲ್ಲಿ ದೊಡ್ಡ ರೈಲು ಹಿಡಿದು, ಮತ್ತೆಲ್ಲೆಲ್ಲೋ ಬದಲಿಸಿ ಕಾಶಿ ಸೇರಿದೆವು. ದಾರಿಯುದ್ದಕ್ಕೂ ಕಟಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅದರ ಮೇಲೆ ಅತ್ತೆ ತಂದಿದ್ದ ಒಂದು ಚೀಲ ಮಂಡಕ್ಕಿ. ಹಗುರವಾದ ಆ ಚೀಲ ಒಬ್ಬ ಮನುಷ್ಯನಷ್ಟು ಜಾಗ ಹಿಡಿಯುತ್ತಿತ್ತು. ಟಿಕೆಟ್ ನೋಡುವವರೆಲ್ಲ ಅದನ್ನು ಒಮ್ಮೆ ತಿವಿದು ನೋಡಿ ನಗುತ್ತ ಮುಂದೆ ಹೋಗುತ್ತಿದ್ದರು.

ಜಗಳದ ಮೂಲವನ್ನು ಪರಸಪ್ಪ ಅತ್ತೆಗೆ ವಿವರಿಸಿದ್ದು ಬಿಹಾರದ ಬಿಸಿಗಾಳಿಯಲ್ಲಿ. ನೇಪಾಳಕ್ಕೆ ಸಮುದ್ರವಿಲ್ಲ, ಉಪ್ಪು, ಎಣ್ಣೆ, ಬಟ್ಟೆ ಎಲ್ಲವೂ ನಮ್ಮ ನೆಲದ ಮೇಲೆಯೇ ಹೋಗಬೇಕು. "ಅವರ ಹೊಲಕ್ಕೆ ಹೋಗೋ ಬಂಡಿದಾರಿ ನಮ್ಮ ಹೊಲದಾಗೆ ಐತೆ ಅಂತ ತಿಳ್ಕೊಳ್ಳಿ ಅಮ್ಮ. ಅವರು ಚೀನಾದಿಂದ ಬಂದೂಕು ತರಿಸಿದ್ರು, ನಮ್ಮೋರಿಗೆ ಸಿಟ್ಟು ಬಂತು. ವ್ಯಾಪಾರಕ್ಕೊಂದು, ದಾರಿಗೊಂದು ಬೇರೆ ಬೇರೆ ಕರಾರು ಆಗ್ಲಿ ಅಂತ ಅವರು, ಎರಡೂ ಸೇರಿ ಒಂದೇ ಆಗ್ಲಿ ಅಂತ ನಮ್ಮೋರು. ಹಳೇ ಕರಾರು ಮುಗೀತು, ಹೊಸದು ಆಗ್ಲಿಲ್ಲ. ಈಗ ಒಂದೆರಡು ದಾರಿ ಬಿಟ್ಟು ಉಳಿದವೆಲ್ಲ ಬಂದ್." ಅತ್ತೆ ಕೇಳಿಸಿಕೊಂಡು, "ಸಿಟ್ಟು ದೊಡ್ಡೋರ ಮ್ಯಾಲೆ. ಒಲಿ ಆರಿದ್ದು ಯಾರ ಮನ್ಯಾಗ?" ಎಂದು ಕೇಳಿದಳು. ಪರಸಪ್ಪ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ.

ರಕ್ಸೌಲಿಗೆ ಹೋಗುವ ರೈಲು ನಮ್ಮ ಕೊಟ್ಟೂರು ರೈಲಿನ ಖಾಸಾ ತಮ್ಮ. ಅದರಿಂದ ಇಳಿದು, ತಲೆಗೆ ಐದು ರೂಪಾಯಿಯಂತೆ ಟಾಂಗಾ ಮಾಡಿಕೊಂಡು ಗಡಿಯ ಸುಂಕದ ಕಟ್ಟೆಗೆ ಬಂದೆವು. ಸೂರ್ಯ ನೆತ್ತಿಗೆ ಬಂದಿದ್ದ. ಸೇತುವೆಯಾಚೆ ಕಾಣುವುದೇ ನೇಪಾಳದ ಬೀರ್‌ಗಂಜ್. ರೈಲಿನ ಗದ್ದಲದಲ್ಲಿ ಪೂಜೆಯಾಗದೆ ಅತ್ತೆ ಬೆಳಗಿನಿಂದ ನೀರು ಕೂಡ ಮುಟ್ಟಿರಲಿಲ್ಲ.

ನಮ್ಮ ಕಡೆಯ ಅಧಿಕಾರಿ ಮಂಡಕ್ಕಿ ಚೀಲಕ್ಕೆ ಕೈ ಹಾಕಿ ನೋಡಿದ, ನಕ್ಕ. ನಮ್ಮ ಸ್ಟೋವಿನ ಸೀಮೆಎಣ್ಣೆ ಡಬ್ಬಿಯನ್ನು ಪಕ್ಕಕ್ಕೆ ಇಡಿಸಿದ. ಆಚೆಗೆ ಒಂದು ಹನಿಯೂ ಹೋಗುವಂತಿಲ್ಲವಂತೆ. ಅಷ್ಟರಲ್ಲಿ ಅವನ ಕಣ್ಣು ಅತ್ತೆಯ ಕೊರಳಿಗೆ ಬಿತ್ತು. ಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆ, ತವರಿನವರು ಮಾಡಿಸಿಕೊಟ್ಟ ದಪ್ಪನೆಯದು. ಕಳ್ಳಸಾಗಣೆಯ ಕಾರಣ ಆ ದಿನಗಳಲ್ಲಿ ಬೆಳ್ಳಿಯ ಮೇಲೆ ಭಾರಿ ನಿಗಾ. "ಅದನ್ನು ಬಿಚ್ಚಿ ಕೊಡಿ, ಒಳಗೇನಿದೆ ನೋಡಬೇಕು, ತೂಗಬೇಕು" ಎಂದು ಹಿಂದಿಯಲ್ಲಿ ಹೇಳಿದ.

ಪರಸಪ್ಪ ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅತ್ತೆ ಕರಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಲಿಂಗ ಮತ್ತೊಬ್ಬರ ಕೈಗೆ ಕೊಡಂಗಿಲ್ಲ. ಜೀವ ಹೋದ್ರೂ ಮೈಯಿಂದ ಅಗಲಿಸಂಗಿಲ್ಲ ಅಂತ ಹೇಳು ಅವ್ರಿಗೆ."

ಅಧಿಕಾರಿ ಕೆಟ್ಟವನಲ್ಲ, ಆದರೆ ಹಿಡಿದ ಪಟ್ಟು ಬಿಡಲಿಲ್ಲ. ತೋರಿಸದೆ ಬಿಟ್ಟರೆ ತನ್ನ ಕೆಲಸಕ್ಕೇ ಸಂಚಕಾರ ಎಂದ. ಹಿಂದೆ ಸಾಲು ಬೆಳೆಯಿತು, ಟಾಂಗಾದವನು ಗೊಣಗಿದ. "ಅತ್ತಿ, ವಾಪಸ್ ಕಾಶಿಗೆ ಹೋಗಣು. ವಿಶ್ವನಾಥನೂ ಅದೇ ಶಿವ ಅಲ್ಲೇನು?" ಎಂದೆ. ಅತ್ತೆ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಮಾವ ಸತ್ತ ದಿನದ ಮೇಲೆ ನಾನು ಕಂಡದ್ದು ಅಂದೇ. ಸೇತುವೆ ಕಣ್ಣೆದುರಿಗಿತ್ತು.

"ಅವ್ರಿಗೆ ಬೇಕಾಗಿದ್ದು ಬೆಳ್ಳಿ ಹೌದಿಲ್ಲ?" ಎಂದು ಅತ್ತೆ ಕೇಳಿದಳು. ಹೌದು ಎಂದ ಪರಸಪ್ಪ. "ಹಂಗಾರ ನನ್ನ ಪೂಜಿ ಆಗಲಿ ತಡಿ ಅನ್ನು."

ಕಟ್ಟೆಯ ಬೆಂಚಿನ ಮೇಲೆ ಕಾಲು ಮಡಚಿ ಕುಳಿತೇಬಿಟ್ಟಳು. ನೀರಿಗಾಗಿ ನಾನು ಸುತ್ತಮುತ್ತ ನೋಡುತ್ತಿದ್ದಾಗ, ಸಾಲಿನಲ್ಲಿದ್ದ ಬೀರ್‌ಗಂಜಿನ ಹೆಂಗಸೊಬ್ಬಳು ತನ್ನ ತಂಬಿಗೆಯನ್ನು ಮುಂದಿಟ್ಟಳು. ಈಚೆಯ ಪೇಟೆಯಲ್ಲಿ ಉಪ್ಪು ಕೊಂಡು ಮನೆಗೆ ಹೊರಟಿದ್ದವಳು. ಅತ್ತೆ ಕರಡಿಗೆ ತೆಗೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರೆರೆದು, ಕೈಚೀಲದಲ್ಲಿದ್ದ ವಿಭೂತಿ ಹಚ್ಚಿ, ಬಾಡಿದ ಹಡಗಲಿ ಮಲ್ಲಿಗೆಯನ್ನೇ ಏರಿಸಿದಳು. ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಪೂಜೆಯಾದ ಮೇಲೆ ಲಿಂಗ ಕಟ್ಟಿಕೊಳ್ಳಲು ಅತ್ತೆ ಬಟ್ಟೆ ಹುಡುಕಿದಳು. ಗಂಟುಗಳೆಲ್ಲ ಟಾಂಗಾದಲ್ಲಿದ್ದವು. ಆ ಹೆಂಗಸಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ನಡುವಿಗೆ ಸುತ್ತಿದ್ದ ಹಳದಿ ಬಟ್ಟೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಅಂಗೈಯಗಲ ಹರಿದು ಕೊಟ್ಟಳು. ಅತ್ತೆ ಅದರಲ್ಲಿ ಲಿಂಗ ಸುತ್ತಿ, ಶಿವದಾರಕ್ಕೆ ಬಿಗಿದು ಕೊರಳಿಗೆ ಹಾಕಿಕೊಂಡಳು. ಬರಿದಾದ ಕರಡಿಗೆಯನ್ನು ಮೇಜಿನ ಮೇಲೆ ಸರಿಸಿ, "ಬೆಳ್ಳಿ ನೀವು ಇಟ್ಕೊಳ್ರಿ. ದೇವ್ರನ್ನ ನಾ ಕರ್ಕೊಂಡು ಹೊಂಟೆ" ಎಂದಳು. ಪರಸಪ್ಪ ಹೇಳುವವರೆಗೆ ಕಾಯದೆ ಸೇತುವೆಯತ್ತ ನಡೆದಳು. ಅಧಿಕಾರಿ ನಗಲೂ ಆರದೆ ತಡೆಯಲೂ ಆರದೆ, ಬರುವಾಗ ಒಯ್ಯಿರಿ ಎಂದು ನನ್ನ ಕೈಗೊಂದು ಚೀಟಿ ಕೊಟ್ಟ. ಆ ಹೆಂಗಸು ಸೇತುವೆಯಾಚೆ ಸಂದಿಯೊಂದರಲ್ಲಿ ತಿರುಗಿ ಹೋದಳು. ಹೆಸರು ಕೇಳಲಿಲ್ಲವಲ್ಲ ಎಂದು ಅತ್ತೆ ಕಠ್ಮಂಡುವಿನವರೆಗೂ ಪೇಚಾಡಿದಳು.

ಡೀಸೆಲ್ ಇಲ್ಲದೆ ಬಸ್ಸುಗಳು ಕಡಿಮೆ. ಸಿಕ್ಕ ಒಂದರಲ್ಲಿ ಬೆಟ್ಟದ ತಿರುವುಗಳಲ್ಲಿ ಮಂಡಕ್ಕಿ ಚೀಲವನ್ನೇ ತಲೆದಿಂಬು ಮಾಡಿಕೊಂಡು ಹೋದೆವು. ಕಠ್ಮಂಡುವಿನ ಗಾಳಿ ತಣ್ಣಗಿತ್ತು. ಬೀದಿಯಲ್ಲಿ ಮೊದಲು ಕಂಡದ್ದು ಸೀಮೆಎಣ್ಣೆಯ ಸಾಲು. ಜನ ಡಬ್ಬಿಗಳನ್ನು ಹಗ್ಗಕ್ಕೆ ಪೋಣಿಸಿಟ್ಟು ನೆರಳಲ್ಲಿ ಕುಳಿತಿದ್ದರು. ಅಂಗಡಿಯ ಬಾಗಿಲು ಮಾತ್ರ ಮುಚ್ಚಿತ್ತು. ಇಷ್ಟು ದೂರ ಬಂದರೂ ಡಬ್ಬಿಗಳು ನನ್ನನ್ನು ಬಿಡಲಿಲ್ಲವೆಂದು ಮೊದಲು ನಗು ಬಂತು. ನಮ್ಮ ಕಡೆಯಿಂದ ಬರಬೇಕಾದ ಎಣ್ಣೆ ಇದು ಎಂಬುದು ಹೊಳೆದಾಗ ನಾಚಿಕೆಯಾಯಿತು.

ನಾವಿಳಿದ ವಸತಿಗೃಹದಲ್ಲಿ ಅಂದು ಒಲೆ ಹೊತ್ತಿರಲಿಲ್ಲ. ಹಸಿ ಕಟ್ಟಿಗೆಯ ಹೊಗೆಗೆ ಯಜಮಾನನ ಹೆಂಡತಿಯ ಕಣ್ಣುಗಳು ಕೆಂಪಾಗಿದ್ದವು. ಅತ್ತೆ ಚೀಲ ಬಿಚ್ಚಿದಳು. ಮಂಡಕ್ಕಿಗೆ ಶೇಂಗಾ ಎಣ್ಣೆ, ಖಾರದ ಪುಡಿ, ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ ಕಲಸಿ ಮನೆಮಂದಿಗೆಲ್ಲ ಕೊಟ್ಟಳು. "ಇದಕ್ಕ ಬೆಂಕಿ ಬ್ಯಾಡ, ಸರ್ಕಾರನೂ ಬ್ಯಾಡ" ಎಂದಳು. ಖಾರಕ್ಕೆ ಯಜಮಾನನ ಮೂಗಿನಲ್ಲಿ ನೀರು ಸುರಿದರೂ ತಟ್ಟೆ ಬಿಡಲಿಲ್ಲ.

ಮರುದಿನ ಪಶುಪತಿನಾಥನ ಅಂಗಳದಲ್ಲಿ ಅರ್ಚಕರೊಬ್ಬರು ನಮ್ಮ ಮಾತು ಕೇಳಿ, "ಯಾವ ಊರಿನವರು ನೀವು?" ಎಂದು ಅಚ್ಚ ಕನ್ನಡದಲ್ಲಿ ವಿಚಾರಿಸಿದರು. ಅಲ್ಲಿಯ ಪೂಜೆಗೆ ಮೊದಲಿನಿಂದಲೂ ಕರ್ನಾಟಕದ ಭಟ್ಟರೇ ಅಂತೆ. ನಾನು ಹಿಗ್ಗಿ ಹೀರೇಕಾಯಿಯಾದೆ. ಅತ್ತೆ ಗುಡಿಗೆ ಎದುರಾಗಿ ಕುಳಿತು ಹಳದಿ ಬಟ್ಟೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ತನ್ನ ಮುಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ನಾವಿಬ್ಬರೂ ಆ ಜಾಗದಲ್ಲಿ ಯಾರೂ ನಡೆಯದಂತೆ ನಿಂತುಕೊಂಡೆವು.

ಪರಸಪ್ಪ ಲುಂಬಿನಿಗೆ ಹೋಗಿ ಕಾಶಿಯಲ್ಲಿ ನಮ್ಮನ್ನು ಕೂಡಿಕೊಂಡ, ಮುಖ ಅರಳಿತ್ತು. ಅದಕ್ಕೂ ಮೊದಲು ನಾವಿಬ್ಬರು ರಕ್ಸೌಲಿಗೆ ಬಂದಾಗ, ಅಲ್ಲಿನ ಅಧಿಕಾರಿ ಕರಡಿಗೆಯನ್ನು ಕಾಗದದಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದ. ಅತ್ತೆ ಅವನ ಹಣೆಗೆ ವಿಭೂತಿ ಹಚ್ಚಿ, ಕರಡಿಗೆಯನ್ನು ಚೀಲಕ್ಕೆ ಹಾಕಿದಳು. ಲಿಂಗವನ್ನು ಅದಕ್ಕೆ ಸೇರಿಸಲಿಲ್ಲ. ಕೊಟ್ಟೂರು ಸ್ಟೇಷನ್ನಿನಲ್ಲಿ ಅತ್ತೆಯ ಮಗಳು ಅವಳ ಕೊರಳಿನ ಬಟ್ಟೆಗಂಟು ನೋಡಿ ಗಾಬರಿಯಾಗಿ, "ಯವ್ವಾ, ಕರಡಿಗಿ ಕಳಕೊಂಡ್ಯಾ?" ಎಂದು ಕೇಳಿದಳು. "ಐತಿ ಬಿಡು. ಗಡಿಯಾಗ ಒಬ್ಬಾಕಿ ತನ್ನ ಮೈಮ್ಯಾಲಿನ ಬಟ್ಟಿ ಹರಿದು ಕೊಟ್ಟಾಳ. ಇದು ಹರಿಯೋತನಕ ದೇವ್ರು ಇದರಾಗ ಇರ್ತಾನ" ಎಂದಳು ಅತ್ತೆ.

ಮರುವರ್ಷ ಎರಡೂ ಸರ್ಕಾರಗಳು ರಾಜಿಯಾಗಿ ದಾರಿಗಳೆಲ್ಲ ತೆರೆದ ಸುದ್ದಿ ಬಂತು. ಪತ್ರಿಕೆ ಹಿಡಿದು ಕೊಟ್ಟೂರಿಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಭಟ್ಟಿಯ ಮುಂದೆ ಕುಳಿತಿದ್ದ ಅವಳು ಕೊರಳ ಗಂಟನ್ನು ಮುಟ್ಟಿ ನೋಡಿಕೊಂಡಳು. "ಆ ತಂಗಿ ಮನ್ಯಾಗ ಒಲಿ ಹತ್ತಿರತೈತಿ ಈಗ" ಎಂದಳು. ಬಟ್ಟೆಯ ಬಣ್ಣ ಮಾಸಿತ್ತು, ಎಲ್ಲಿಯೂ ಹರಿದಿರಲಿಲ್ಲ.