ಗೋಣಿಚೀಲದಲ್ಲಿ ಹಿಡಿಸಿದ ಚಿರತೆ

ಕರೀಂಸಾಬ್ ಹದಿನೆಂಟು ವರ್ಷ ನನ್ನ ಮಾನವನ್ನು ಊರಿಗೆಲ್ಲ ಹಂಚಿದ. ಪಾಪ, ಅವನದು ತಪ್ಪಲ್ಲ. ಆ ಮಾನ ಯಾರದೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ನಿಜಾಮರ ಕಾಲ. ಕಲಬುರ್ಗಿ ಕೋಟೆಯ ಹತ್ತಿರ ಕಾಡಿನ ಅಧಿಕಾರಿ ಜಂಗಲ್ ದರೋಗಾ ಸಾಹೇಬರ ವಾಡೆಯೊಂದಿತ್ತು. ಬೇಟೆಯಾಡಿದ ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬಿಸಿ, ಹಕ್ಕಿಯ ಮೊಟ್ಟೆ, ಹಾವಿನ ಪೊರೆ, ಚಿಟ್ಟೆ ಎಲ್ಲ ಕೂಡಿಹಾಕಿ ಮೂರು ಕೋಣೆ ತುಂಬ ಇಟ್ಟಿದ್ದರು. ಜನ ಅದನ್ನು ಅಜಾಯಬ್‌ಖಾನಾ ಎನ್ನುತ್ತಿದ್ದರು. ಗುರುವಾರ ಹೆಂಗಸರನ್ನೂ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ನೋಡಿಕೊಳ್ಳುವವನು ಕರೀಂಸಾಬ್. ಸಾಹೇಬರ ಬಂದೂಕು ಹೊತ್ತು ಹೊತ್ತು ಅವನ ಒಂದು ಹೆಗಲು ತಗ್ಗಾಗಿತ್ತು. ಕರಡಿಗೆ ಕಟ್ಟಿಗೆಯ ಹಣಿಗೆಯಿಂದ ಕೂದಲು ಬಾಚುತ್ತಿದ್ದ. ನುಸಿ ಹಿಡಿಯಬಾರದೆಂದು ಬೇವಿನ ಹೊಗೆ ಹಾಕುತ್ತಿದ್ದ. ಜಿಂಕೆಯ ಒಂದು ಗಾಜಿನ ಕಣ್ಣು ಬಿದ್ದುಹೋದಾಗ ಅಲ್ಲಿಗೆ ಮಕ್ಕಳಾಡುವ ಹಸಿರು ಗೋಲಿ ಕೂರಿಸಿದ್ದ. ಆ ಜಿಂಕೆ ಸತ್ತ ಮೇಲೂ ವಾರೆಗಣ್ಣಿನಿಂದ ನೋಡುತ್ತಿತ್ತು.

ನನ್ನ ಚಿರತೆಯ ಸಂಗತಿ ಮೊದಲು ಹೇಳಬೇಕು. ನನ್ನ ತವರು ಕಮಲಾಪುರ, ಅಪ್ಪನದು ಕೆಂಪು ಬಾಳೆಯ ತೋಟ. ನನಗೆ ಹತ್ತು ವರ್ಷವಿದ್ದಾಗ, ಒಂದು ಸಂಜೆ ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಬಾಳೆಯ ನಡುವೆ ಚುಕ್ಕೆ ಚುಕ್ಕೆಯ ಮೈಯೊಂದು ಸರಿದದ್ದು ಕಂಡಿತು. ಕೈಯಲ್ಲಿ ತಾಟಿತ್ತು. ಊರ ಹೊರಗೆ ಡೇರೆ ಹಾಕಿದ್ದ ದರೋಗಾ ಸಾಹೇಬರು ಬಂದು, ಗುಂಡು ಹಾರಿಸಿ, ಸತ್ತದ್ದನ್ನು ಗೋಣಿಚೀಲದಲ್ಲಿ ತುಂಬಿ ಒಯ್ದರು. ಇಷ್ಟು ಖರೆ. ಉಳಿದದ್ದನ್ನು ನಾನೇ ಸಾಕಿ ಬೆಳೆಸಿದೆ. ತಾಟು ಬಾರಿಸಿ ಚಿರತೆ ಓಡಿಸಿದೆ ಎಂದು ಮಗಳು ವಿಮಲಾಬಾಯಿಗೆ ಹೇಳುವಾಗ ಅದು ನಾಯಿಯಷ್ಟಿತ್ತು. ಮಗ ದೌಲಪ್ಪ ಕತೆ ಕೇಳುವಷ್ಟು ದೊಡ್ಡವನಾಗುವ ಹೊತ್ತಿಗೆ ಹೋರಿಯಷ್ಟಾಗಿತ್ತು. ಅಂಥದ್ದು ಒಂದು ಗೋಣಿಚೀಲದಲ್ಲಿ ಹೇಗೆ ಹಿಡಿಸಿತೆಂದು ಮಕ್ಕಳು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅತ್ತೆ ಶಿವಕಾಂತಮ್ಮ ಮಾತ್ರ ಪ್ರತಿಸಲವೂ ಕೇಳುತ್ತಿದ್ದರು.

ಏಳು ವರ್ಷದ ದೌಲಪ್ಪ ಬಹಳ ಪುಕ್ಕಲ. ಓಣಿಯ ನಾಯಿಗೆ ಅಂಜಿ ಸಾಲೆ ಬಿಟ್ಟು ಕೂತಿದ್ದ. “ಚಿರತಿ ಓಡಿಸಿದಾಕಿ ಮಗ ಇದ್ದಿ ನೀ” ಎಂದು ನಾನು ಹುರಿದುಂಬಿಸಿದ ಮೇಲೆ, ಊಟದ ತಾಟು ಬಾರಿಸುತ್ತ ಸಾಲೆಗೆ ಹೋಗತೊಡಗಿದ. ಅಲ್ಲಿ ನನ್ನ ಪ್ರತಾಪವನ್ನೆಲ್ಲ ಸಾರಿದ. ಹುಡುಗರು ನಕ್ಕರು. ಅವ್ವನ ಚಿರತೆ ಅಜಾಯಬ್‌ಖಾನಾದಲ್ಲಿದೆ, ಕಣ್ಣಾರೆ ನೋಡಿ ಬಂದು ಹೇಳುತ್ತೇನೆಂದು ಮಾತು ಕೊಟ್ಟು ಬಂದ. ನೋಡದೆ ಹೋದರೆ ಮತ್ತೆ ಸಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದ. ಒಂದು ಗುರುವಾರ ನನಗೆ ತಲೆನೋವು ಬಂತು, ಇನ್ನೊಂದು ಗುರುವಾರ ಹೊಟ್ಟೆನೋವು. ಮೂರನೆಯದಕ್ಕೆ ಯಾವ ನೋವೂ ಉಳಿದಿರಲಿಲ್ಲ.

ನಮ್ಮ ಮನೆಯವರು, ಈಗಿಲ್ಲ, ಟಾಂಗಾ ಕರೆಸಿ ಕೊಟ್ಟು, “ಚಿರತಿಗೆ ನನ್ನ ಶರಣಾರ್ಥಿ ಹೇಳು” ಎಂದು ಅಂಗಡಿಗೆ ಹೋದರು. ಎಲ್ಲಿಗೆ ಕರೆದರೂ ಮಂಡಿನೋವು ಎನ್ನುವ ಅತ್ತೆ ನನಗಿಂತ ಮೊದಲು ಟಾಂಗಾ ಹತ್ತಿ ಕೂತಿದ್ದರು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅವರ ತೊಡೆಯ ಮೇಲೆ.

ನಡುಕೋಣೆಯಲ್ಲಿ ಬಾಯಿ ತೆರೆದು ನಿಂತ ದೊಡ್ಡ ಚಿರತೆ ಕಂಡದ್ದೇ ನನಗೆ ಜೀವ ಬಂದಂತಾಯಿತು. “ನೋಡೋ, ಇದೇ” ಎಂದೆ. ನನ್ನ ಸೆರಗು ಹಿಡಿದಿದ್ದ ದೌಲಪ್ಪ ಸೆರಗು ಬಿಟ್ಟ. ಹತ್ತಿರ ಹೋಗಿ ಅದರ ಮೀಸೆ ಮುಟ್ಟಿದ.

ವಿಮಲಾ ಮಾತ್ರ ಕೆಳಗೆ ಅಂಟಿಸಿದ್ದ ಉರ್ದು ಚೀಟಿಯ ಮೇಲೆ ಬೆರಳಾಡಿಸುತ್ತಿದ್ದಳು. ಪಕ್ಕದ ಮನೆಯ ಇಮಾಮಬಿ ಅವಳಿಗೆ ಉರ್ದು ಕಲಿಸಿದ್ದಳು. ಬೇಡವೆಂದ ಅತ್ತೆಯ ಜೊತೆ ಜಗಳಾಡಿ ಕಲಿಯಲು ಕಳಿಸಿದವಳು ನಾನೇ.

“ಅವ್ವಾ, ಇದರಾಗ ಚಿಂಚೋಳಿ ಜಂಗಲ್ ಅಂತ ಬರದಾರ.”

“ತಪ್ಪು ಓದಾಕತ್ತಿದಿ.”

“ಇಮಾಮಬಿ ಖಾಲಾ ಕಲಿಸಿದ್ದು ತಪ್ಪಾಗಂಗಿಲ್ಲ ಅಂತ ನೀನೇ ಹೇಳಿದ್ದಿ.”

“ಓದವಾ, ಇನ್ನಷ್ಟು ಜೋರಾಗಿ ಓದು,” ಎಂದರು ಅತ್ತೆ. ಬಾಗಿಲಲ್ಲಿ ನಿಂತಿದ್ದ ಕರೀಂಸಾಬನನ್ನೂ ಅವರೇ ಕರೆದರು. “ಸಾಬ್ರೇ, ಕಮಲಾಪುರದ ಚಿರತಿ ಎಲ್ಲಿ ಅದರೀ?”

ಅವನ ಮುಖ ಅರಳಿತು. “ಕಮಲಾಪುರದ್ದಾ? ಬರ್ರಿ, ಬರ್ರಿ.”

ಕಿಟಕಿಯ ಕೆಳಗಿನ ಹಲಗೆಯ ಮೇಲೆ ಒಂದು ಬೆಕ್ಕಿತ್ತು. ಮೈತುಂಬ ಚುಕ್ಕೆ, ಉದ್ದ ಬಾಲ. ಬಾಯಲ್ಲಿ ಮಣ್ಣಿನ ಬಾಳೆಹಣ್ಣು, ಅದಕ್ಕೆ ಕೆಂಪು ಬಣ್ಣ. ಹಣ್ಣು ಕರೀಂಸಾಬನೇ ಮಾಡಿದ್ದಂತೆ.

“ಇದು ಬಾಳೆಹಣ್ಣು ತಿನ್ನೋ ಬೆಕ್ಕರೀ. ಒಂದು ಹುಡುಗಿ ಬೇವಿನ ಗಿಡ ಹತ್ತಿ, ಚಿರತಿ ಬಂತು ಚಿರತಿ ಬಂತು ಅಂತ ಚೀರಿ ಊರೇ ಕೂಡಿಸಿದ್ಲು. ಐದು ಬಂದೂಕು ತಗೊಂಡು ಹೋದ್ವಿ. ಹೊಡದು ನೋಡಿದ್ರ ಇದು. ಸಾಹೇಬರಿಗೆ ಶರಮ್ ಆಗಿ, ಈ ಊರಾಗ ಯಾರಿಗೂ ತೋರಸಬ್ಯಾಡ, ಚೀಲದಾಗ ಹಾಕು ಅಂದ್ರು. ಆ ಹುಡುಗೀನ್ನ ಇಳಸಲಿಕ್ಕೆ ನಾಕು ಮಂದಿ ಬೇಕಾದ್ರು. ಲಂಗ ಎಲ್ಲ ತೋಯಿಸಿಕೊಂಡಿದ್ಲು.”

ಬಂದವರಿಗೆಲ್ಲ ಹೇಳಿ ಹೇಳಿ ಕತೆ ನುಣುಪಾಗಿತ್ತು. ಅತ್ತೆ ನಕ್ಕು ನಕ್ಕು ಗೋಡೆ ಹಿಡಿದರು.

ದೌಲಪ್ಪ ನಗಲಿಲ್ಲ. “ಆ ಹುಡುಗಿ ಬ್ಯಾರೆ,” ಎಂದು ನನ್ನ ಮುಖ ನೋಡಿದ. “ನಮ್ಮವ್ವ ಓಡಿಸಿದ್ದು ಬ್ಯಾರೆ ಚಿರತಿ. ಹೌದಿಲ್ಲವ್ವ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ವಿಮಲಾ ಕೂಡ ಈ ಬೆಕ್ಕಿನ ಚೀಟಿ ಓದಲು ಹೋಗಲಿಲ್ಲ. ಆದರೆ ನನಗೆ ಲಂಗದ ಮಾತು ತಡೆಯಲಾಗಲಿಲ್ಲ.

“ಲಂಗ ತೋಯ್ದಿದ್ದು ಮಜ್ಜಿಗಿಗೆರೀ,” ಎಂದುಬಿಟ್ಟೆ. “ಬುತ್ತಿಯಾಗಿನ ಮಜ್ಜಿಗಿ ಚೆಲ್ಲಿತ್ತು.”

ಖರೆ ಹೇಳಿದ್ದು ನನ್ನ ದೊಡ್ಡತನವೆಂದು ಯಾರೂ ತಿಳಿಯಬಾರದು. ಮಾನ ಉಳಿಸಿಕೊಳ್ಳಲು ಹೋಗಿ ಇದ್ದದ್ದನ್ನೂ ಕಳೆದುಕೊಂಡೆ, ಅಷ್ಟೇ.

ಕರೀಂಸಾಬ್ ನನ್ನನ್ನು ನೋಡಿದ, ಬೆಕ್ಕನ್ನು ನೋಡಿದ. “ತೋಬಾ ತೋಬಾ,” ಎಂದು ಕೆನ್ನೆ ಬಡಿದುಕೊಂಡ. ಹೆಗಲ ಮೇಲಿನ ವಸ್ತ್ರದಿಂದ ಬೆಕ್ಕಿನ ಬೆನ್ನು ಒರೆಸಿದ. “ನನಗ ಗೊತ್ತಿದ್ದಿಲ್ಲಮ್ಮಾ. ಇವತ್ತಿನಿಂದ ಮಜ್ಜಿಗಿ ಅಂತನೇ ಹೇಳ್ತೀನಿ.”

ಕತೆ ಬಿಡುತ್ತೇನೆ ಎನ್ನಲಿಲ್ಲ. ಆದರೆ ಕೊಟ್ಟ ಮಾತು ಉಳಿಸಿಕೊಂಡ. ಮುಂದಿನ ಗುರುವಾರ ಹೋಗಿ ಬಂದ ಇಮಾಮಬಿ, ಮಜ್ಜಿಗೆ ಈಗ ಒಂದು ಕೊಡದಷ್ಟಾಗಿದೆ ಎಂದು ವರದಿ ಕೊಟ್ಟಳು. ಸಾಹೇಬರು ತೀರಿಕೊಂಡು ಕೋಣೆಗಳಿಗೆ ಬೀಗ ಬಿದ್ದ ಮೇಲೂ, ಬಜಾರದಲ್ಲಿ ಎದುರಾದರೆ ಆ ತಗ್ಗು ಹೆಗಲಿನ ಕೈಯೆತ್ತಿ “ಸಲಾಂ, ಮಜ್ಜಿಗಿ ಅಮ್ಮ” ಎನ್ನುತ್ತಿದ್ದ.

ಅವತ್ತು ಟಾಂಗಾ ಕೋಟೆಯ ಗೋಡೆ ದಾಟುವವರೆಗೂ ದೌಲಪ್ಪ ರೊಟ್ಟಿ ಬೇಡವೆನ್ನುತ್ತಲೇ ಇದ್ದ.

“ನಾಳಿ ಸಾಲ್ಯಾಗ ಏನ್ ಹೇಳ್ಲಿ?” ಎಂದ ಕೊನೆಗೆ.

“ಬೆಕ್ಕು ಅಂತ ಹೇಳಪ್ಪ.”

ಕುದುರೆಯ ಬಾಲ ನೋಡುತ್ತ ಕೂತ. ಆಮೇಲೆ ನನ್ನ ಕಡೆ ತಿರುಗಿದ.

“ಆ ದೊಡ್ಡದರ ಚೀಟಿಮ್ಯಾಲ ಚಿಂಚೋಳಿ ಅಂತ ಬರದಾರಲ್ಲ? ಕಮಲಾಪುರದಿಂದ ಚಿಂಚೋಳಿ ತನಕ ನೀನೇ ಬೆನ್ನು ಹತ್ತಿ ಓಡಿಸಿದಿ ಅಂತ ಹೇಳ್ತೀನಿ.”

ಅತ್ತೆ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಇದು ನಿಂದೇ ಕೂಸು ಬಿಡವಾ,” ಎಂದು ಗಂಟು ಬಿಚ್ಚಿ ಅವನ ಕೈಗೆ ರೊಟ್ಟಿ ಕೊಟ್ಟರು.

ಮರುದಿನ ಬೆಳಿಗ್ಗೆ ಊಟದ ತಾಟು ಹುಡುಕಿದರೆ ಸಿಗಲಿಲ್ಲ. ಓಣಿಯ ತುದಿಯಲ್ಲಿ ಅದರ ಸಪ್ಪಳ ಕೇಳುತ್ತಿತ್ತು.