ವೆರ್ಬಿವ್ಕಾ ಸ್ಟಾಪಿನಲ್ಲಿ ನಿಂತ ಎಂಟು ಗಾಲಿಯ ಗಾಡಿ

ನಮ್ಮೂರು ಪೊಲ್ತಾವಾದ ಬಸ್ ಡಿಪೋದ ಡ್ರೈವರುಗಳಲ್ಲೆಲ್ಲ ಹೆಚ್ಚು ಬೈಸಿಕೊಂಡವನು ಝಿನೋವಿ. ಮೇಲಿನ ವಿದ್ಯುತ್ ತಂತಿ ಹಿಡಿದು ಓಡುವ ಅವನ ಟ್ರಾಲಿಬಸ್ಸಿಗೆ ನಾನೇ ಕಂಡಕ್ಟರ್ ಆಗಿದ್ದರಿಂದ ಆ ಬೈಗುಳದಲ್ಲಿ ನನಗೂ ಪಾಲು ಸಿಗುತ್ತಿತ್ತು. ಓಡಿ ಬರುವವರು ಕನ್ನಡಿಯಲ್ಲಿ ಕಂಡರೆ ಅವನು ಬಾಗಿಲು ಮುಚ್ಚುತ್ತಿರಲಿಲ್ಲ. ಒಬ್ಬರು ಹತ್ತುವಷ್ಟರಲ್ಲಿ ಇನ್ನೊಬ್ಬರು ಓಡಿ ಬರುತ್ತಿದ್ದರು. ಒಳಗೆ ಕುಳಿತವರು ಗೊಣಗುತ್ತಿದ್ದರು.

"ಏನಪ್ಪಾ, ನಡ್ಕೊಂಡ್ ಹೋಗಿದ್ರೆ ಇಷ್ಟೊತ್ತಿಗೆ ಮನೇಲಿ ಊಟ ಮುಗಿಸ್ಕೊಂಡು ಮಲಗಿರ್ತಿದ್ದೆ."

"ನಡೀರಿ ಮತ್ತೆ, ಬಾಗ್ಲು ತೆಗ್ದೇ ಇದೆ," ಅನ್ನುತ್ತಿದ್ದ ಝಿನೋವಿ, ತಿರುಗಿಯೂ ನೋಡದೆ.

ಯುದ್ಧದ ಎರಡನೇ ವರ್ಷ ಅವನಿಗೆ ಸೈನ್ಯದಿಂದ ಕರೆ ಬಂತು. ವಯಸ್ಸು ನಲವತ್ತು ದಾಟಿ ಬಹಳ ದಿನವಾಗಿತ್ತು, ಹೊಟ್ಟೆಯೂ ಬಂದಿತ್ತು. ಶಾಲೆಯೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅವನ ಹೆಂಡತಿ ಮಿರೊಸ್ಲಾವಾ ಅಳುವುದನ್ನೆಲ್ಲ ಹಿತ್ತಲಲ್ಲಿ ಅತ್ತು ಮುಗಿಸಿ, ನಮ್ಮೆದುರು ತಮಾಷೆ ಮಾಡಿದಳು.

"ಇವನ್ನ ಕರ್ಕೊಂಡ್ ಹೋಗಿ ಏನ್ ಮಾಡ್ತಾರೋ. ಇವನು ಅಲ್ಲಿಗೆ ತಲುಪೋ ಹೊತ್ಗೆ ಯುದ್ಧಾನೇ ಮುಗ್ದಿರುತ್ತೆ."

ಸೈನ್ಯಭರ್ತಿ ಕಚೇರಿಯಲ್ಲಿ ಅಧಿಕಾರಿ, "ಏನ್ ಓಡಿಸ್ತೀಯ?" ಎಂದು ಕೇಳಿದನಂತೆ. ಇವನು ಟ್ರಾಲಿಬಸ್ ಅಂದ. "ಅದಕ್ಕೆ ಮೇಲೆ ತಂತಿ ಬೇಕಲ್ಲಯ್ಯ," ಎಂದು ಅವನು ನಕ್ಕಾಗ, "ತಂತಿ ನೀವು ಎಳೆಸ್ಕೊಡಿ, ನಾನು ಓಡಿಸ್ತೀನಿ," ಅಂದನಂತೆ ಇವನು.

ತರಬೇತಿಗೆ ಪೋಲೆಂಡಿಗೆ ಕಳಿಸಿದರು. ಅಲ್ಲಿ ಅವನ ಕೈಗೆ ಬಂದದ್ದು ಎಂಟು ಗಾಲಿಯ ಯುದ್ಧಗಾಡಿ. ಮುಂದೆ ಡ್ರೈವರ್, ಮಧ್ಯದ ಗೋಪುರದಲ್ಲಿ ಫಿರಂಗಿ, ಅದರ ಬಳಿ ಕಮಾಂಡರ್ ಮತ್ತು ಫಿರಂಗಿ ಹಾರಿಸುವ ಗುರಿಕಾರ, ಹಿಂದೆ ಸೈನಿಕರಿಗೆ ಎದುರುಬದುರು ಆಸನಗಳು. ಗಾಡಿ ಹೊಸದಲ್ಲ. ಪೋಲೆಂಡಿನವರು ತಮ್ಮ ಸೈನ್ಯಕ್ಕೆಂದು ಮಾಡಿಕೊಂಡು, ಎಲ್ಲೋ ದೂರದ ಮರಳುನಾಡಿನ ಯುದ್ಧಕ್ಕೆ ಒಯ್ದು, ವಾಪಸು ತಂದು, ಗೋಪುರ ಬದಲಿಸಿ, ಮೈಗೆಲ್ಲ ದಪ್ಪ ಉಕ್ಕಿನ ಹಲಗೆ ತೊಡಿಸಿ, ನಾಲ್ಕೂ ಕಡೆ ಕ್ಯಾಮೆರಾ ಕೂರಿಸಿ, ನಮಗೆ ನೆರವಾಗಿ ಕೊಟ್ಟದ್ದು. ಇಷ್ಟೆಲ್ಲ ಮಾಡಿದ್ದರೂ ಸೀಟಿನ ಹೊಲಿಗೆಯ ಸಂದಿಯಲ್ಲಿ ಮರಳು ಉಳಿದಿತ್ತು. ಝಿನೋವಿ ಅದನ್ನು ಅಂಗೈಯಲ್ಲಿ ಹಿಡಿದು ತರಬೇತಿ ಕೊಡುತ್ತಿದ್ದ ಹಿರಿಯ ಸಾರ್ಜೆಂಟ್ ವಿಯೆಸ್ಲಾವನಿಗೆ ತೋರಿಸಿದ.

"ಇದು ನಿಮ್ದಾ?"

"ನಂದಲ್ಲಪ್ಪ. ನೀನೇ ಇಟ್ಕೊ, ಅದೂ ನೆರವೇ."

ಗಾಡಿಗಳನ್ನು ಒಪ್ಪಿಸಿದ ದಿನ ಭಾಷಣಗಳಾದವು, ಫೋಟೊಗಳಾದವು. ವಿಯೆಸ್ಲಾವ್ ಮಾತ್ರ ಗಾಡಿಯಿಂದ ಗಾಡಿಗೆ ಹೋಗಿ ಟೈರು ಒದ್ದು ನೋಡುತ್ತಿದ್ದ. ಝಿನೋವಿಯ ಹತ್ತಿರ ಬಂದಾಗ ಫಿರಂಗಿಯ ಕಡೆ ಗಲ್ಲ ತೋರಿಸಿ ಹೇಳಿದ: "ಎಲ್ರೂ ಅದನ್ನೇ ನೋಡ್ತಾರೆ. ನೀನು ಹಿಂದಿನ ಸೀಟು ನೋಡು. ಅಲ್ಲಿ ಕೂತೋರು ಜೀವಂತ ಇಳೀಬೇಕು, ಜೀವಂತ ಹತ್ತಬೇಕು. ಈ ಗಾಡಿ ಇರೋದೇ ಅದಕ್ಕೆ."

"ಹಂಗಂದ್ರೆ ಬಸ್ಸು ಅನ್ನಿ," ಅಂದ ಝಿನೋವಿ. ಬಸ್ಸು ಎಂದುಕೊಂಡ ಮೇಲೆಯೇ ಅವನಿಗೆ ಧೈರ್ಯ ಬಂದದ್ದಂತೆ.

ಅವನ ತುಕಡಿಯನ್ನು ಪೂರ್ವದ ಯುದ್ಧರಂಗದ ಮುಂಚೂಣಿಗೆ ಹಾಕಿದರು. ಕಮಾಂಡರ್ ನಜಾರ್, ಯುದ್ಧಕ್ಕೆ ಮೊದಲು ವಿನ್ನಿತ್ಸಾದಲ್ಲಿ ಮೊಬೈಲ್ ಅಂಗಡಿ ನಡೆಸುತ್ತಿದ್ದವನು, ವಯಸ್ಸಿನಲ್ಲಿ ಝಿನೋವಿಗಿಂತ ಎಷ್ಟೋ ಚಿಕ್ಕವನು. ಆದ್ದರಿಂದ ಆಜ್ಞೆ ಕೊಡುವಾಗಲೂ 'ಮಾಮ' ಎನ್ನುತ್ತಿದ್ದ. ಬೆಳಗಿನ ಮಂಜು ಇರುವಾಗಲೇ ವೆರ್ಬಿವ್ಕಾ ಎಂಬ ಹಳ್ಳಿಯ ಆಚೆ ನಮ್ಮವರ ಕಂದಕಗಳಿದ್ದ ಮರಸಾಲಿನವರೆಗೆ ಸೈನಿಕರನ್ನು ಬಿಟ್ಟು ಬರುವುದು ಇವರ ಕೆಲಸ. ಕಾವಲು ಮುಗಿಸಿದವರೋ ಗಾಯಾಳುಗಳೋ ಇದ್ದರೆ ಕರೆತರುವುದು, ಇಲ್ಲದಿದ್ದರೆ ಖಾಲಿ ಬರುವುದು. ಹೊಲಕ್ಕಿಳಿದರೆ ಕಪ್ಪು ಕೆಸರು ಗಾಲಿಗಳನ್ನು ನುಂಗುತ್ತಿತ್ತು. ಹಾಗಾಗಿ ದಾರಿ ಅದೊಂದೇ. ಮಂಜು ಕರಗಿದರೆ ಆ ದಾರಿಯ ಮೇಲೆ ಶತ್ರುವಿನ ಡ್ರೋನುಗಳ ಕಣ್ಣು. ಎಲ್ಲಿಯೂ ನಿಲ್ಲಬಾರದು ಎಂಬುದು ಕಟ್ಟಪ್ಪಣೆ.

ವೆರ್ಬಿವ್ಕಾದಲ್ಲಿ ಸೂರು ಉಳಿದಿದ್ದ ಮನೆಗಳು ಕಡಿಮೆ. ಬಸ್ ಸ್ಟಾಪ್ ಮಾತ್ರ ನೆಟ್ಟಗೆ ನಿಂತಿತ್ತು. ಒಂದು ದಿನ ಖಾಲಿ ಬರುವಾಗ ಝಿನೋವಿ ಗಾಡಿ ನಿಲ್ಲಿಸಿಬಿಟ್ಟ.

"ಯಾಕ್ ಮಾಮ? ಟೈರ್ ಹೋಯ್ತಾ?" ಮೈಕಿನಲ್ಲಿ ನಜಾರ್‌ನ ದನಿ.

"ಸ್ಟಾಪಲ್ಲಿ ಜನ ಇದಾರೆ."

"ಏನ್ ಇದಾರೆ?"

"ಜನ. ಒಂದಜ್ಜಿ, ಒಂದ್ ಚೀಲ."

"ಮಾಮ, ಇದು ನಿಮ್ ಪೊಲ್ತಾವಾ ಅಲ್ಲ! ಹೊರಡು ಮೊದ್ಲು!"

"ಹಿಂದಿನ ಬಾಗ್ಲು ತೆಗಿ, ಹೊರಡ್ತೀನಿ."

ನಜಾರ್ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಲೇ ಬಾಗಿಲು ತೆಗೆಸಿದ. ಮುದುಕಿ ಎದ್ದು, ಸಾವಕಾಶವಾಗಿ ಗಾಡಿಯ ಹಿಂಭಾಗಕ್ಕೆ ಬಂದು, ಒಳಗೆ ಇಣುಕಿದಳು.

"ಇದು ಯಾವ್ ಕಡೆ ಹೋಗುತ್ತಪ್ಪಾ?"

"ಜೀವ ಉಳಿಯೋ ಕಡೆ, ಅಜ್ಜಿ. ಬೇಗ ಹತ್ತು."

"ಚೀಲದಲ್ಲಿ ಕೋಳಿ ಐತೆ. ಅದ್ಕೂ ಟಿಕೆಟ್ ತಗೋಬೇಕಾ?"

ಗುರಿಕಾರ ಬಿದ್ದು ಬಿದ್ದು ನಕ್ಕ. ನಜಾರ್ ನಗಲಿಲ್ಲ. ಮುದುಕಿಯ ಕೈ ಹಿಡಿದು ಒಳಗೆಳೆದುಕೊಂಡ.

ಅವಳ ಹೆಸರು ಪರಾಸ್ಕಾ. ಹಿಂದಿನ ರಾತ್ರಿ ಅವರ ಮನೆಯ ಸೂರು ಹಾರಿಹೋಗಿತ್ತು. ಗಂಡ ಒಮೆಲ್ಕೊ ಕೊಟ್ಟಿಗೆಯಲ್ಲಿ ಉಳಿದಿದ್ದ. ಹಸು ಗಬ್ಬ, ಈಯುವವರೆಗೆ ಬಿಟ್ಟು ಬರುವುದಿಲ್ಲವೆಂದು ಹಟ. "ನಂಗಿಂತ ಆ ಹಸೂನೇ ಹೆಚ್ಚು ಆ ಮುದುಕಂಗೆ," ಎಂದು ದಾರಿಯುದ್ದಕ್ಕೂ ಬೈದಳು. ಮುಂಚೂಣಿಗೆ ದೂರವಿದ್ದ ಊರಿನ ಶಾಲೆಯಲ್ಲಿ ಅವಳನ್ನು ಇಳಿಸಿದ ಮೇಲೆ ಝಿನೋವಿಯ ತೋಳು ಹಿಡಿದುಕೊಂಡು, "ನಾಳೆ ಆ ಕಡೆ ಹೋದ್ರೆ ಒಂಚೂರು ನೋಡಪ್ಪಾ," ಅಂದಳು.

ಅಂದಿನಿಂದ ಮಂಜು ದಟ್ಟವಾಗಿರುವ ದಿನ, ಗಾಡಿ ಖಾಲಿಯಿದ್ದರೆ, ಝಿನೋವಿ ಸ್ಟಾಪಿನ ಬಳಿ ವೇಗ ತಗ್ಗಿಸುವುದು ರೂಢಿಯಾಯಿತು. ಅಳಿದುಳಿದ ಜನರಿಗೆ ಸುದ್ದಿ ಹಬ್ಬಿತು. ಕುಂಟುವ ಮಾಸ್ತರರೊಬ್ಬರು ಬಂದರು, ಅಕ್ಕತಂಗಿಯರಿಬ್ಬರು ಬಂದರು. ಒಮೆಲ್ಕೊ ಕೂಡ ಬರುತ್ತಿದ್ದ, ಆದರೆ ಹತ್ತಲು ಅಲ್ಲ. ಹಾಲಿನ ಡಬ್ಬಿ ಒಳಗೆ ನೂಕಿ, "ಅವಳಿಗೆ ಕೊಡಿ, ಇನ್ನೂ ಈದಿಲ್ಲ ಅನ್ನಿ," ಎಂದು ಹೊರಟುಬಿಡುತ್ತಿದ್ದ. ಹಾಲು ಪಕ್ಕದ ಮನೆಯವರು ಬಿಟ್ಟುಹೋದ ಆಡಿನದು.

ವಿಷಯ ಕ್ಯಾಪ್ಟನ್ ಕಿವಿಗೆ ಬಿತ್ತು. ಅವರು ಕೂಗಾಡುವ ಮನುಷ್ಯರಲ್ಲ. ಝಿನೋವಿ, ನಜಾರ್ ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟೇ ಮಾತಾಡಿದರು.

"ನೋಡಿ, ಇದು ಬೇರೆ ದೇಶದೋರು ಕೊಟ್ಟ ಗಾಡಿ. ಒಂದು ಕೆಟ್ರೆ ಬಿಡಿಭಾಗ ಗಡಿ ದಾಟಿ ಬರ್ಬೇಕು. ಅಲ್ಲೀವರೆಗೆ ನನ್ನ ಹುಡುಗ್ರು ಯಾತರಲ್ಲಿ ಹೋಗ್ಬೇಕು? ಹೇಳಿ."

ಝಿನೋವಿ ಚಹಾದ ಲೋಟ ಕೆಳಗಿಟ್ಟ. "ಅವ್ರೂ ನಮ್ಮ ಜನಾನೇ ಅಲ್ವಾ ಸಾರ್," ಅಂದ.

"ಅಲ್ಲ ಅಂತ ನಾನಂದ್ನಾ?" ಕ್ಯಾಪ್ಟನ್ ಹಣೆ ಉಜ್ಜಿಕೊಂಡರು. "ಮಂಜಿದ್ರೆ ಮಾತ್ರ. ಹತ್ತಿದ ತಕ್ಷಣ ಹೊರಡ್ಬೇಕು. ಹತ್ತದೇ ಇದ್ರೆ ಬಿಟ್ಟು ಬರ್ಬೇಕು."

ಒಮೆಲ್ಕೊ ಹತ್ತಲು ಬಂದ ದಿನ ಮಂಜು ತೆಳ್ಳಗಿತ್ತು. ಹಿಂದಿನ ಸಂಜೆ ಶೆಲ್ಲು ಬಿದ್ದು ಹಸು ಸತ್ತಿತ್ತು. ಸಾಯುವ ಮೊದಲು ಈದಿತ್ತು. ಮುದುಕ ಕರುವನ್ನು ತನ್ನ ಕೋಟಿನಲ್ಲಿ ಸುತ್ತಿ, ಎತ್ತಲಾಗದೆ ಸ್ಟಾಪಿನ ಬೆಂಚಿನ ಪಕ್ಕ ಮಲಗಿಸಿಕೊಂಡು ಕುಳಿತಿದ್ದ.

"ಅಜ್ಜ, ಅದನ್ನ ಬಿಟ್ಟು ಬಾ," ನಜಾರ್ ಹಿಂದಿನ ಬಾಗಿಲಿನಿಂದ ಕೂಗಿದ.

"ಬಿಟ್ಟು ಬರೋದಾಗಿದ್ರೆ ಅವತ್ತೇ ಬರ್ತಿದ್ದೆ. ಹೋಗಿ ನೀವು."

ಅಪ್ಪಣೆಯ ಪ್ರಕಾರ ಹೊರಡಬೇಕಿತ್ತು. ಝಿನೋವಿಯ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು, ಆದರೆ ಅವನು ಒತ್ತಲಿಲ್ಲ. ನಜಾರ್ ಕೂಡ 'ಹೊರಡು' ಅನ್ನಲಿಲ್ಲ. ಕೆಳಗೆ ಹಾರಿ ಕರುವನ್ನು ತಬ್ಬಿ ಎತ್ತಿದ. ಅದು ಒದೆಯಿತು, ಕೆಸರಿನಲ್ಲಿ ಅವನು ಜಾರಿಬಿದ್ದ, ಮತ್ತೆ ಎತ್ತಿದ. ಮುದುಕ ಹಿಂದಿನಿಂದ ನೂಕಿದ. ಎಲ್ಲರೂ ಒಳಗಾಗಿ ಬಾಗಿಲು ಮುಚ್ಚುವಷ್ಟರಲ್ಲಿ ದಾರಿಯ ಮುಂದಿನ ತಿರುವು ಸ್ಪಷ್ಟವಾಗಿ ಕಾಣುತ್ತಿತ್ತು. ಮಂಜು ಕರಗಿತ್ತು.

ಹಳ್ಳಿ ದಾಟಿದ ಮೇಲೆ ಸ್ಫೋಟಕ ಹೊತ್ತ ಡ್ರೋನು ಬಂದು ಎಡಬದಿಯ ಮುಂಭಾಗಕ್ಕೆ ಬಡಿಯಿತು. ಝಿನೋವಿ ಕೂರುವುದು ಅದೇ ಕಡೆ. ಸದ್ದು ಕೇಳಿಸಲಿಲ್ಲ, ಸದ್ದು ಅನ್ನುವುದೇ ನಿಂತುಹೋಯಿತು ಎಂದು ಆಮೇಲೆ ನನಗೆ ಹೇಳಿದ. ಹೊಸದಾಗಿ ತೊಡಿಸಿದ್ದ ಉಕ್ಕಿನ ಹಲಗೆ ಸೀಳಿತು, ಒಳಗಿನ ಗೋಡೆ ತಡೆಯಿತು. ಎಡಗಡೆಯ ಎರಡು ಗಾಲಿ ಹೋದವು. ಅವನ ಎಡಗೈಯಿಂದ ರಕ್ತ ಸುರಿಯುತ್ತಿತ್ತು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅವನು ಬಲಗೈಯಲ್ಲಿ ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಹಿಡಿದುಕೊಂಡು, ಉಳಿದ ಆರು ಗಾಲಿಯ ಮೇಲೆ, ಹಾಳುಬಿದ್ದ ಹಿಟ್ಟಿನ ಗಿರಣಿಯ ಮರೆಯವರೆಗೆ ತಂದು ನಿಲ್ಲಿಸಿದ. ಗುರಿಕಾರನಿಗೆ ಹಣೆ ಒಡೆದಿತ್ತು, ಒಮೆಲ್ಕೊಗೆ ಪಕ್ಕೆಲುಬು ಮುರಿದಿತ್ತು. ಕರುವಿಗೆ ಏನೂ ಆಗಿರಲಿಲ್ಲ. ಅದು ಗಾಡಿಯ ನೆಲ, ನಜಾರ್‌ನ ಬೂಟು ಎಲ್ಲವನ್ನೂ ಗಲೀಜು ಮಾಡಿಟ್ಟಿತ್ತು.

ವಿಚಾರಣೆಯಲ್ಲಿ ನಜಾರ್, "ನಿಲ್ಲಿಸು ಅಂದಿದ್ದು ನಾನು," ಅಂದ. ಝಿನೋವಿ, "ನಿಲ್ಲಿಸಿದ್ದು ನಾನು," ಅಂದ. ಕ್ಯಾಪ್ಟನ್ ಇಬ್ಬರಿಗೂ ಛೀಮಾರಿ ಬರೆದರು. ಗಾಡಿಯನ್ನು ಟ್ರೈಲರ್ ಮೇಲೆ ಏರಿಸಿ, ರೈಲಿನಲ್ಲಿ ಗಡಿಯಾಚೆ ರಿಪೇರಿಗೆ ಕಳಿಸಿದರು.

ಝಿನೋವಿಯನ್ನು ನಮ್ಮೂರ ಆಸ್ಪತ್ರೆಗೇ ತಂದರು. ಮಿರೊಸ್ಲಾವಾ ಬೀಟ್‌ರೂಟ್ ಸಾರು ತುಂಬಿದ ಫ್ಲಾಸ್ಕ್ ಹಿಡಿದು ದಿನಾ ಹೋಗುತ್ತಿದ್ದಳು, ಪಾಳಿ ಮುಗಿದ ಮೇಲೆ ನಾನೂ ಹೋಗುತ್ತಿದ್ದೆ. ಅವನ ಎಡಗಿವಿ ಪೂರ್ತಿ ಕಿವುಡಾಗಿತ್ತು. ಮೊದಮೊದಲು ಉತ್ಸಾಹದಲ್ಲೇ ಇದ್ದ. ಪರಾಸ್ಕಾ ಕರುವಿನ ಫೋಟೊ ಕಳಿಸಿದ್ದಳು, ಅದನ್ನು ವಾರ್ಡಿಗೆಲ್ಲ ತೋರಿಸಿದ.

ಆಮೇಲೆ ಅದೇ ವಾರ್ಡಿಗೆ ಲೆವ್ಕೊ ಬಂದ. ಝಿನೋವಿ ಮರಸಾಲಿಗೆ ಬಿಟ್ಟು ಬರುತ್ತಿದ್ದ ಸೈನಿಕರಲ್ಲಿ ಒಬ್ಬ. ಗಾಡಿ ರಿಪೇರಿಗೆ ಹೋದ ಮೇಲೆ ಅವರನ್ನು ಪಿಕಪ್ ಟ್ರಕ್ಕಿನ ಹಿಂದೆ ಕೂರಿಸಿ ಕಳಿಸುತ್ತಿದ್ದರು. ಅದಕ್ಕೆ ಮರೆ ಎಂದರೆ ತಗಡು. ಅದಕ್ಕೆ ಡ್ರೋನು ಬಡಿದು ಲೆವ್ಕೊನ ಬಲಗಾಲು ಮಂಡಿಯಿಂದ ಕೆಳಗೆ ಹೋಗಿತ್ತು.

ಝಿನೋವಿ ಆ ದಿನ ಊಟ ಮಾಡಲಿಲ್ಲ. "ಕ್ಯಾಪ್ಟನ್ ಮೊದ್ಲೇ ಕೇಳಿದ್ರು, ನನ್ನ ಹುಡುಗ್ರು ಯಾತರಲ್ಲಿ ಹೋಗ್ಬೇಕು ಅಂತ. ಒಂದು ಕರು ಬದುಕ್ತು. ಒಬ್ಬನ ಕಾಲು ಹೋಯ್ತು. ಇದನ್ನ ಹೆಂಗ್ ತೂಗ್ಲಿ, ಒರಿನಾ?"

ನಾನು, "ಹೋಗಿ ಅವನ ಹತ್ರಾನೇ ಮಾತಾಡು," ಅಂದೆ.

ಹೋದ. ಹಾಸಿಗೆಯ ಪಕ್ಕ ನಿಂತು, ಮಂಜು ತೆಳ್ಳಗಿದ್ದದ್ದು, ಕರು, ತಡವಾದದ್ದು ಎಲ್ಲವನ್ನೂ ಹೇಳಿದ. ಕಿವಿ ಕೇಳದ್ದರಿಂದ ತನ್ನ ದನಿ ಎಷ್ಟು ದೊಡ್ಡದಾಗಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ವಾರ್ಡಿಗೆಲ್ಲ ಕೇಳಿಸಿತು. ಲೆವ್ಕೊ ಗೋಡೆಯ ಕಡೆ ತಿರುಗಿದ. ಹಲವು ದಿನ ಹಾಗೆಯೇ ನಡೆಯಿತು. ಇವನು ಬೆಳಿಗ್ಗೆ ಹೋಗಿ ನಿಲ್ಲುವುದು, ಅವನು ಗೋಡೆ ನೋಡುವುದು. ಮಿರೊಸ್ಲಾವಾ ಸಾರನ್ನು ಎರಡು ಪಾಲು ಮಾಡಿ ತರತೊಡಗಿದಳು. ಲೆವ್ಕೊನ ಪಾಲು ಹಾಸಿಗೆಯ ಪಕ್ಕ ಹಾಗೆಯೇ ಆರುತ್ತಿತ್ತು.

ಒಂದು ಮಧ್ಯಾಹ್ನ ಲೆವ್ಕೊ ತಾನಾಗಿ ಬಾಯಿ ಬಿಟ್ಟ. "ನರ್ಸು ಎಲ್ಲೋ ಹೋದ್ಳು. ಸಿಗರೇಟ್ ಸೇದ್ಬೇಕು. ಆ ಕುರ್ಚಿ ತಳ್ತೀಯಾ?"

ಝಿನೋವಿ ಗಾಲಿಕುರ್ಚಿಯನ್ನು ಮೊಗಸಾಲೆಯುದ್ದಕ್ಕೂ ತಳ್ಳಿಕೊಂಡು ಹೊರಟ. ಹೊಸ್ತಿಲು ಬಂದಾಗಲೆಲ್ಲ ನಿಂತು, ಮುಂದಿನ ಗಾಲಿ ಎತ್ತಿ, ಮೆಲ್ಲಗೆ ಇಳಿಸಿದ.

"ಮಾಮ, ಸ್ವಲ್ಪ ಬೇಗ. ಯುದ್ಧ ಮುಗಿಯೋದ್ರೊಳಗೆ ಒಂದು ಸಿಗರೇಟ್ ಸೇದ್ಬೇಕು ನಾನು."

ಅಂಗಳದಲ್ಲಿ ಇಬ್ಬರೂ ಸೇದಿದರು. ಲೆವ್ಕೊ ಹೊಗೆ ಬಿಟ್ಟು ಹೇಳಿದ: "ನಂಗೆ ನಿನ್ ಮೇಲೆ ಸಿಟ್ಟಿದೆ. ಇಲ್ಲ ಅನ್ನಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ದಿನಾ ಬಂದು ಹಂಗೆ ಕಂಬದ ಥರ ನಿಲ್ಬೇಡ. ಬಂದ್ರೆ ಕೂತ್ಕೊ." ಝಿನೋವಿ ಅಂದಿನಿಂದ ಕೂರತೊಡಗಿದ.

ವೈದ್ಯಮಂಡಳಿ ಅವನನ್ನು ಸೈನ್ಯದಿಂದ ಬಿಡಿಸಿತು. ಅದೇ ಕಿವಿಯ ಕಾರಣಕ್ಕೆ ಟ್ರಾಲಿಬಸ್ ಓಡಿಸಲು ಕೂಡ ಪರವಾನಗಿ ಸಿಗಲಿಲ್ಲ. ಇದು ಅವನಿಗೆ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟಿತು. ಡಿಪೋದ ಗೇಟಿನ ತನಕ ಬಂದು ವಾಪಸು ಹೋದದ್ದನ್ನು ನಾನೇ ಕಂಡಿದ್ದೇನೆ. ಆದರೆ ಡಿಪೋದಲ್ಲಿ ಆಗ ಬಸ್ಸುಗಳಿದ್ದವು, ಓಡಿಸುವ ಗಂಡಸರಿರಲಿಲ್ಲ. ಮ್ಯಾನೇಜರ್ ಅವನನ್ನು ಕರೆದು, ಹೆಂಗಸರಿಗೆ ಕಲಿಸುವ ಕೆಲಸ ಕೊಟ್ಟರು. ಮೊದಲು ಹೆಸರು ಕೊಟ್ಟವಳು ನಾನು. ಐವತ್ತು ದಾಟಿದವಳಿಗೆ ಈ ಹುಚ್ಚು ಯಾಕೆ ಎಂದು ನನ್ನ ಮಗಳು ಕೇಳಿದಳು. ಟಿಕೆಟ್ ಹರಿದು ಹರಿದು ಬೇಜಾರಾಗಿತ್ತು, ಅದೇ ಕಾರಣ.

ಕಲಿಸುವುದರಲ್ಲಿ ಝಿನೋವಿ ಮಹಾ ಕಟುಕ. ನನ್ನ ಬಲಗಡೆ ನಿಂತರೆ ನನ್ನ ಮಾತು ಅವನ ಕಿವುಡು ಕಿವಿಗೆ ಬೀಳುತ್ತದೆ. ಆದ್ದರಿಂದ ಅವನು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದ. ನಾನು ಬೈದದ್ದು ಒಂದೂ ಅವನಿಗೆ ತಲುಪಲಿಲ್ಲ. ಅವನು ಕೂಗಿದ್ದು ಮಾತ್ರ ಬೀದಿಗೆಲ್ಲ ತಲುಪಿತು. ವಸಂತ ಬರುವಷ್ಟರಲ್ಲಿ ನನಗೆ ಪರವಾನಗಿ ಸಿಕ್ಕಿತು.

ಗಾಡಿ ರಿಪೇರಿಯಾಗಿ ಮತ್ತೆ ತುಕಡಿಗೆ ಬಂದಿದೆ. ಬೇರೊಬ್ಬ ಡ್ರೈವರ್ ಓಡಿಸುತ್ತಾನೆ. ನಜಾರ್ ಫೋಟೊ ಕಳಿಸಿದಾಗ ಝಿನೋವಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಟೈರು ಹೊಸಾದು ಹಾಕಿದಾರೆ," ಅಂದ. ಲೆವ್ಕೊ ಕೃತಕ ಕಾಲಿನಲ್ಲಿ ನಡೆಯುವುದನ್ನು ನಮ್ಮೂರಲ್ಲೇ ಕಲಿಯುತ್ತಿದ್ದಾನೆ. ಭಾನುವಾರ ಝಿನೋವಿಯ ಮನೆಗೆ ಊಟಕ್ಕೆ ಬರುತ್ತಾನೆ. ಮಿರೊಸ್ಲಾವಾ ಹಿಟ್ಟಿನ ಕಡುಬು ಬೇಯಿಸಿ ಹುಳಿಕೆನೆ ಹಾಕಿ ಬಡಿಸುತ್ತಾಳೆ. ಗಂಡಸರಿಬ್ಬರೂ ಫುಟ್‌ಬಾಲ್ ವಿಷಯಕ್ಕೆ ಜಗಳವಾಡುತ್ತಾರೆ. ಕರುವಿನ ಮಾತು ಯಾರೂ ಎತ್ತುವುದಿಲ್ಲ.